ಕಾಲುವೆ ನೋಡಲು ಹೊರಟ ರಾಣಿ

ಹೋದ ಭಾನುವಾರ ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಕನ್ನಡ ನಾಡಿನ ರಾಣಿಯರ ಬಗ್ಗೆ ಆಡಿದ ಮಾತು ಇದು. ಬರಲಾಗದ ಕೆಲವರು ಬರೆದು ಕೊಡಿ ಎಂದು ಕೇಳಿದರು. ಬಾಯಲ್ಲಿ ಆಡಿದ್ದು ಹಾಗೇ ಬರಹಕ್ಕೆ ಇಳಿಯುವುದಿಲ್ಲ, ಅಲ್ವಾ? ಅದಕ್ಕೇ ಅಲ್ಲಲ್ಲಿ ಸರಿಮಾಡಿದ್ದೇನೆ. ಹೊತ್ತಾಯಿತೆಂದು ಅವತ್ತು ಬಿಟ್ಟದ್ದನ್ನು ಸೇರಿಸಿದ್ದೇನೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳನ್ನು ಮೊದಲು ಕೇಳಿದೆ. ರಾಣಿ ಎಂದರೆ ನಿಮ್ಮ ಕಣ್ಣಿಗೆ ಏನು ಬರುತ್ತದೆ? ಕುದುರೆ ಅಂದಳು ಒಬ್ಬಳು. ಕತ್ತಿ ಅಂದ ಇನ್ನೊಬ್ಬ. ಕಚ್ಚೆ ಸೀರೆ, ಕಿರೀಟ, ಬೆನ್ನಿಗೆ ಕಟ್ಟಿದ ಗುರಾಣಿ ಎಂದೆಲ್ಲ ಉಳಿದವರು ಕೂಗಿದರು. ತಪ್ಪೇನಿಲ್ಲ. ನಮ್ಮ ಊರುಗಳ ಸರ್ಕಲ್ಲಿನಲ್ಲಿ ನಿಂತಿರುವ ಪ್ರತಿಮೆಗಳು ಹಾಗೇ ಇವೆ. ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ನನ್ನ ಮಗಳಿಗೂ ನಾನು ಅದೇ ವೇಷ ಹಾಕಿದ್ದೆ, ರಟ್ಟಿನ ಕತ್ತಿಗೆ ಬೆಳ್ಳಿ ಬಣ್ಣದ ಕಾಗದ ಸುತ್ತಿ ಕೊಟ್ಟಿದ್ದೆ.

ಆದರೆ ಒಂದು ವಿಷಯ ಯೋಚಿಸಿ. ಐವತ್ತು ವರ್ಷ ರಾಜ್ಯ ಆಳಿದ ಹೆಂಗಸು ಎಷ್ಟು ದಿನ ಯುದ್ಧ ಮಾಡಿರುತ್ತಾಳೆ? ಇಪ್ಪತ್ತು ದಿನ? ಒಂದು ತಿಂಗಳು? ಮಿಕ್ಕ ದಿನಗಳಲ್ಲಿ ಆಕೆ ಏನು ಮಾಡುತ್ತಿದ್ದಳು? ನನಗೆ ಈ ಮಿಕ್ಕ ದಿನಗಳ ಮೇಲೆಯೇ ಆಸೆ. ಇವತ್ತಿನ ಮಾತೆಲ್ಲ ಆ ದಿನಗಳದ್ದು.

ಅಂಥ ಒಂದು ದಿನವನ್ನು ಕಣ್ಣಾರೆ ಕಂಡು ಬರೆದಿಟ್ಟವನೊಬ್ಬ ಇದ್ದಾನೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ, ರೋಮ್ ಪಟ್ಟಣದವನು. ತುರ್ಕಿ, ಪರ್ಷಿಯಾ ಎಲ್ಲ ಸುತ್ತಿಕೊಂಡು ಭಾರತಕ್ಕೆ ಬಂದಿದ್ದ. ದಾರಿಯಲ್ಲಿ ಪರ್ಷಿಯಾದಲ್ಲಿ ಹೆಂಡತಿ ತೀರಿಕೊಂಡಿದ್ದಳು, ಆಕೆಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ತನ್ನೂರಿಗೆ ಒಯ್ಯಬೇಕೆಂದು ಜೊತೆಗೇ ತಂದಿದ್ದ ಮನುಷ್ಯ ಅವನು. 1623ರಲ್ಲಿ ಗೋವಾದಿಂದ ಹೊನ್ನಾವರಕ್ಕೆ ಬಂದು, ಘಟ್ಟ ಹತ್ತಿ ಇಕ್ಕೇರಿ ನೋಡಿ, ಮತ್ತೆ ಇಳಿದು ಮಂಗಳೂರಿಗೆ ಬಂದ. ಕಂಡದ್ದನ್ನೆಲ್ಲ ನೇಪಲ್ಸ್ ಪಟ್ಟಣದ ಗೆಳೆಯನಿಗೆ ಪತ್ರ ಬರೆಯುತ್ತಿದ್ದ. ಇಕ್ಕೇರಿಯ ದಾರಿಯಲ್ಲಿ ಗುಡಿಯ ಜಗಲಿ ಮೇಲೆ ಕೂತ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದುದನ್ನು ಬರೆದವನೂ ಇವನೇ. ಮರಳಿನ ಮೇಲೆ ತಿದ್ದಿದ ಅಜ್ಜಂದಿರು ನಮ್ಮ ಮನೆಗಳಲ್ಲೂ ಇದ್ದರು.

ಮಂಗಳೂರಿಗೆ ಬಂದವನಿಗೆ ಉಳ್ಳಾಲದ ರಾಣಿಯನ್ನು ನೋಡಬೇಕೆಂಬ ಹಟ. ಆಕೆಯ ಹೆಸರು ಅಷ್ಟು ದೂರ ಹೋಗಿತ್ತು. ರಾಣಿ ಉಳ್ಳಾಲದಲ್ಲಿ ಇರಲಿಲ್ಲ, ಒಳನಾಡಿನ ಮಣೇಲಿನಲ್ಲಿ ಇದ್ದಳು. ಅಲ್ಲಿಗೇ ಹೋದ. ಅರಮನೆಯಲ್ಲಿ ಕಾಯಬೇಕಾಗಬಹುದು ಅಂದುಕೊಂಡಿದ್ದನೋ ಏನೋ. ದಾರಿಯಲ್ಲೇ ಸಿಕ್ಕಳು ರಾಣಿ. ನಡೆದುಕೊಂಡು ಬರುತ್ತಿದ್ದಳು. ಪಲ್ಲಕ್ಕಿ ಇಲ್ಲ, ಕುದುರೆ ಇಲ್ಲ. ಬರಿಗಾಲು. ಸೊಂಟಕ್ಕೊಂದು ಬಟ್ಟೆ, ಮೇಲೊಂದು ಬಟ್ಟೆ. ಬಿಸಿಲಿಗೆ ಓಲೆ ಕೊಡೆ. ಕಪ್ಪು ಮೈಬಣ್ಣ, ತುಂಬಿದ ಮೈಕಟ್ಟು. ಗದ್ದೆಗೆ ನೀರು ಹಾಯಿಸಲು ಕಾಲುವೆ ತೋಡಿಸುತ್ತಿದ್ದಳಂತೆ, ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೊರಟಿದ್ದಳು.

ದೆಲ್ಲಾ ವಾಲ್ಲೆಗೆ ಆಶ್ಚರ್ಯ. ನೋಡಲು ಅಡುಗೆಮನೆಯ ಆಳಿನಂತೆ, ಬಟ್ಟೆ ಒಗೆಯುವವಳಂತೆ ಇದ್ದಾಳೆ ಎಂದು ಬರೆಯುತ್ತಾನೆ. ಆ ಮಾತು ಓದಿದಾಗ ನನಗೆ ಮೊದಲು ಸಿಟ್ಟು ಬಂತು. ಮುಂದೆ ಓದಿದೆ. ಯುರೋಪಿನಲ್ಲಿ ಅಷ್ಟು ದೊಡ್ಡವನೆನಿಸಿಕೊಂಡ ಸ್ಪೇನಿನ ದೊರೆಯ ಸೈನ್ಯವನ್ನು ಭಾರತದಲ್ಲಿ ಓಡಿಸಿದವಳು ಇವಳೇ ನೋಡು, ಎಂದು ತನಗೆ ತಾನೇ ಹೇಳಿಕೊಂಡನಂತೆ. (ಪೋರ್ಚುಗಲ್ಲಿಗೂ ಸ್ಪೇನಿಗೂ ಆಗ ಒಬ್ಬನೇ ದೊರೆ, 1580ರಿಂದ 1640ರವರೆಗೆ ಹಾಗೇ ಇತ್ತು.) ಆಮೇಲೆ ರಾಣಿ ಮಾತಾಡಿದಳು. ದನಿ ತುಂಬಾ ಹಿತವಾಗಿತ್ತು, ಮಾತಿನಲ್ಲಿ ವಿವೇಕ ಇತ್ತು, ರೂಪಕ್ಕಿಂತ ಮಾತಿನಲ್ಲೇ ಆಕೆ ರಾಣಿ ಎಂಬುದು ತಿಳಿಯುತ್ತಿತ್ತು ಎಂದು ಬರೆದ.

ಹೆಸರನ್ನೂ ಕೇಳಿ ಬರೆದುಕೊಂಡಿದ್ದಾನೆ. ಅಬ್ಬಗ ದೇವಿ ಚೌಟರು. ಅಬ್ಬಗ ಆಕೆಯ ಹೆಸರು, ದೇವಿ ಗೌರವದ ಮಾತು, ಚೌಟ ಮನೆತನ. ಇಟಲಿಯವನ ಬಾಯಲ್ಲಿ ತುಳುನಾಡಿನ ಹೆಸರು ಸ್ವಲ್ಪ ಆಚೀಚೆ ಆಗಿದೆ, ಆದರೆ ನಮಗೆ ಥಟ್ಟನೆ ಗೊತ್ತಾಗುತ್ತದೆ. ಅಬ್ಬಕ್ಕ!

ಹಗಲಿಡೀ ಹೊರಗೆ ಕೆಲಸದ ಮೇಲೆ ಇರುತ್ತಿದ್ದಳು, ಕತ್ತಲಾದ ಮೇಲೆ ಮನೆಗೆ ಬಂದು ಜನರ ಅಹವಾಲು ಕೇಳುತ್ತಿದ್ದಳು ಎಂದೂ ತಿಳಿಸುತ್ತಾನೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ದೊಡ್ಡ ಬೇಸಾಯದ ಮನೆಯಲ್ಲಿ ಬೆಳೆದವರಿಗೆ ಈ ಹೆಂಗಸು ಗೊತ್ತು. ನನ್ನ ಅಜ್ಜಿ ಹಾಗೇ ಇದ್ದಳು. ಬೆಳಗ್ಗೆ ಗಂಜಿ ಕುಡಿದು ಗದ್ದೆ ಅಂಚಿಗೆ ಹೋದರೆ ಸಂಜೆ ದೀಪದ ಹೊತ್ತಿಗೇ ವಾಪಸು, ಬಂದ ಮೇಲೆ ಜಗಲಿಯಲ್ಲಿ ಕೂತು ಆಳುಗಳ ಲೆಕ್ಕ, ಅಕ್ಕಪಕ್ಕದವರ ತಂಟೆ ತಕರಾರು. ಅಬ್ಬಕ್ಕನ ಜಗಲಿ ಸ್ವಲ್ಪ ದೊಡ್ಡದು, ಅಷ್ಟೇ.

ಇಲ್ಲೊಂದು ಗೊಂದಲ ಬಿಡಿಸಬೇಕು. ಸಭೆಯಲ್ಲಿ ಹಿರಿಯರೊಬ್ಬರು ಕೇಳಿಯೇಬಿಟ್ಟರು, ಅಬ್ಬಕ್ಕ 1500ರ ದಶಕಗಳಲ್ಲಿ ಇದ್ದವಳಲ್ವಾ ಅಂತ. ಹೌದು. ಕಪ್ಪ ಕೊಡಲು ಒಪ್ಪಲಿಲ್ಲವೆಂದು ಅಲ್ವಾರೊ ಡ ಸಿಲ್ವೇರಾ ಎಂಬ ಪೋರ್ಚುಗೀಸ್ ದಂಡನಾಯಕ ಉಳ್ಳಾಲದ ಮೇಲೆ ಬಂದದ್ದು 1555ರಲ್ಲಿ. 1568ರಲ್ಲಿ ಮತ್ತೆ ಬಂದು ಮಂಗಳೂರಿನಲ್ಲಿ ಕೋಟೆಯನ್ನೇ ಕಟ್ಟಿಕೊಂಡರು. ಆಗ ರಾಣಿ ಮಸೀದಿಯೊಂದರಲ್ಲಿ ಆಶ್ರಯ ಪಡೆದು, ಅದೇ ರಾತ್ರಿ ಜನ ಸೇರಿಸಿ ತಿರುಗಿಬಿದ್ದ ಕಥೆಯನ್ನು ಕರಾವಳಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಮೀನು ಹಿಡಿಯುವ ಮೊಗವೀರರು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ಎಲ್ಲರೂ ಆಕೆಯ ದಂಡಿನಲ್ಲಿ ಇದ್ದರೆಂದು ಹೇಳುತ್ತಾರೆ. 1555ಕ್ಕೂ 1623ಕ್ಕೂ ನಡುವೆ 68 ವರ್ಷ. ದೆಲ್ಲಾ ವಾಲ್ಲೆ ಕಂಡವಳು ನೋಡಲು ನಲವತ್ತರ ಆಸುಪಾಸಿನವಳು. ಹಾಗಾದರೆ ಇಬ್ಬರೂ ಒಬ್ಬಳೇ ಆಗಿರುವುದು ಸಾಧ್ಯವಿಲ್ಲ. ಒಂದೇ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರು ಒಬ್ಬರ ನಂತರ ಒಬ್ಬರು ಆಳಿದರು. ಜನರ ನೆನಪು ಅವರನ್ನೆಲ್ಲ ಸೇರಿಸಿ ಒಬ್ಬಳೇ ಅಬ್ಬಕ್ಕನನ್ನು ಮಾಡಿಕೊಂಡಿದೆ.

ಇದರಿಂದ ಅಬ್ಬಕ್ಕ ಚಿಕ್ಕವಳಾಗುತ್ತಾಳೆ ಎಂದು ನನಗೆ ಅನಿಸುವುದಿಲ್ಲ. ಒಬ್ಬ ವೀರ ಮಹಿಳೆ ಎಲ್ಲಿಂದಲೋ ಮಿಂಚಿನ ಹಾಗೆ ಬಂದು ಹೋದಳು ಅಂದರೆ ಅದು ಪವಾಡ. ತಲೆಮಾರು ಕಳೆದರೂ ಹೆಂಗಸರೇ ಆ ಚಿಕ್ಕ ರಾಜ್ಯ ನಡೆಸಿದರು ಅಂದರೆ ಅದರ ಹಿಂದೆ ಒಂದು ವ್ಯವಸ್ಥೆ ಇತ್ತು ಅಂತ ಅರ್ಥ. ತುಳುನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿಯಸಂತಾನ ಕಟ್ಟು. ಆಸ್ತಿ, ಅಧಿಕಾರ ಎರಡೂ ಹೆಣ್ಣಿನ ಕಡೆಯಿಂದ ಹರಿಯುವ ಪದ್ಧತಿ. ಚೌಟರು ಜೈನರು, ಪುತ್ತಿಗೆ ಮತ್ತು ಮೂಡುಬಿದಿರೆ ಕಡೆಯವರು, ಉಳ್ಳಾಲ ಅವರ ಇನ್ನೊಂದು ನೆಲೆ. ಮೊದಲ ಅಬ್ಬಕ್ಕನಿಗೆ ಪಟ್ಟ ಬಂದದ್ದು ಮಾವ ತಿರುಮಲರಾಯ ಚೌಟನಿಂದ, ಅಂದರೆ ತಾಯಿಯ ಅಣ್ಣನಿಂದ. ಗಂಡನಿಂದ ಬಂದದ್ದಲ್ಲ. ದೆಲ್ಲಾ ವಾಲ್ಲೆ ಕಂಡ ಅಬ್ಬಕ್ಕನ ಗಂಡ ಮಂಗಳೂರಿನ ಬಂಗರಾಜ. ಅವನ ಜೊತೆ ಸರಿಹೋಗಲಿಲ್ಲ. ಅವನು ಕೊಟ್ಟ ಒಡವೆಗಳನ್ನೆಲ್ಲ ಕಟ್ಟಿ ವಾಪಸು ಕಳಿಸಿದಳು ಎಂದು ದೆಲ್ಲಾ ವಾಲ್ಲೆ ಬರೆಯುತ್ತಾನೆ. ಪಟ್ಟ ತನ್ನದೇ ಆಗಿದ್ದರಿಂದ ಒಡವೆ ವಾಪಸು ಕೊಡಲು ಆಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ಮಾತಿಗೆ ಸಭೆಯಲ್ಲಿ ಹಿಂದೆ ಕೂತಿದ್ದ ಅಮ್ಮಂದಿರು ಚಪ್ಪಾಳೆ ತಟ್ಟಿದರು.

ಬಂಗರಾಜ ಪೋರ್ಚುಗೀಸರ ಕೈ ಹಿಡಿದ. ಅಬ್ಬಕ್ಕ ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿ ಮನೆತನದ ವೆಂಕಟಪ್ಪ ನಾಯಕನ ಸಹಾಯ ಕೇಳಿದಳು. ಘಟ್ಟದ ಮೇಲಿಂದ ದಂಡು ಇಳಿಯಿತು, ಪೋರ್ಚುಗೀಸರು ಸೋತರು. ವೆಂಕಟಪ್ಪ ನಾಯಕ ಎಂಬ ಈ ಹೆಸರು ನೆನಪಿಟ್ಟುಕೊಳ್ಳಿ. ಇನ್ನೊಬ್ಬ ರಾಣಿಯ ಕಥೆಯಲ್ಲಿ ಅವನು ಬೇರೆ ರೀತಿಯಲ್ಲಿ ಬರುತ್ತಾನೆ.

ಆ ರಾಣಿ ಗೇರುಸೊಪ್ಪೆಯ ಚೆನ್ನಭೈರಾದೇವಿ. 1552ರಿಂದ 1606ರವರೆಗೆ 54 ವರ್ಷ ಆಳಿದಳು. ನಮ್ಮ ನಾಡಿನಲ್ಲಿ ಅಷ್ಟು ದೀರ್ಘ ಕಾಲ ಆಳಿದ ರಾಣಿ ಇನ್ನೊಬ್ಬಳು ನನಗೆ ನೆನಪಿಗೆ ಬರುವುದಿಲ್ಲ. ಪೋರ್ಚುಗೀಸರು ಆಕೆಗೆ ಇಟ್ಟ ಹೆಸರು ರೈನಾ ದ ಪಿಮೆಂಟಾ. ಮೆಣಸಿನ ರಾಣಿ.

ಇಲ್ಲಿ ಮೆಣಸು ಅಂದರೆ ಕಾಳುಮೆಣಸು. ನಮ್ಮ ಕಡೆ ಈಗಲೂ ಒಳ್ಳೆಮೆಣಸು ಅನ್ನುತ್ತಾರೆ. ಮೊದಲು ಮೆಣಸು ಎಂದರೆ ಅದೊಂದೇ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಹೊಸ ಖಾರಕ್ಕೆ ನಮ್ಮವರು ಹಳೆಯ ಹೆಸರನ್ನೇ ಎಳೆದು ಮೆಣಸಿನಕಾಯಿ ಅಂದರು. ಇವತ್ತು ಕಾಯಿಯೇ ಮುಖ್ಯವಾಗಿ, ಮೂಲ ಮೆಣಸಿಗೆ ಕಾಳು, ಕರಿ, ಒಳ್ಳೆ ಎಂದು ಏನಾದರೊಂದು ಸೇರಿಸಿ ಹೇಳಬೇಕಾಗಿದೆ.

ಮೆಣಸು ಬೆಳೆಯುವವರಿಗೆ ಗೊತ್ತು ಅದು ಎಂಥ ಕೆಲಸ ಅಂತ. ಬಳ್ಳಿ ಮರಕ್ಕೆ ಹಬ್ಬಬೇಕು. ಮಳೆ ಸರಿಯಾದ ಹೊತ್ತಿಗೆ ಬರಬೇಕು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೇ ಏಣಿ ಹಾಕಿ ಕೊಯ್ಯಬೇಕು, ತಡವಾದರೆ ಹಕ್ಕಿ ಪಾಲು. ತುಳಿದು ಕಾಳು ಬಿಡಿಸಿ, ಅಂಗಳದಲ್ಲಿ ಹರಡಿ, ಕಪ್ಪಾಗಿ ಸುಕ್ಕುಗಟ್ಟುವವರೆಗೆ ಒಣಗಿಸಬೇಕು. ಒದ್ದೆ ಇದ್ದರೆ ಬೂಸಲು. ಘಟ್ಟದ ಮೇಲಿನ ಮನೆಮನೆಯಲ್ಲಿ ಹೀಗೆ ಒಣಗಿದ ಮೆಣಸು ಎತ್ತಿನ ಬೆನ್ನ ಮೇಲೆ ಗೇರುಸೊಪ್ಪೆಗೆ ಇಳಿಯಬೇಕು, ಅಲ್ಲಿಂದ ಶರಾವತಿಯಲ್ಲಿ ದೋಣಿ ಮೇಲೆ ಹೊನ್ನಾವರಕ್ಕೆ, ಅಲ್ಲಿ ಹಡಗಿಗೆ. ಭಟ್ಕಳ, ಮಿರ್ಜಾನ್ ಕೂಡ ಆಕೆಯ ಬಂದರುಗಳು. ಭೂಪಟ ತೆಗೆದು ಗೇರುಸೊಪ್ಪೆ ಎಲ್ಲಿದೆ ನೋಡಿ. ಘಟ್ಟ ಮುಗಿದು ಹೊಳೆಯಲ್ಲಿ ದೋಣಿ ಓಡಿಸಬಹುದಾದ ಜಾಗ ಶುರುವಾಗುವಲ್ಲೇ ಇದೆ. ಬೆಳೆದವನೂ ಕೊಳ್ಳುವವನೂ ಅದೇ ಬಾಗಿಲಲ್ಲಿ ಹಾಯಬೇಕು. ಆ ಬಾಗಿಲ ಬಳಿ ಕೂತವಳು ಈಕೆ.

ಕೊಳ್ಳುವವನು ಸುಲಭದ ಗಿರಾಕಿ ಆಗಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಸಮುದ್ರವೇ ತಮ್ಮದು ಅಂದರು. ತಮ್ಮಿಂದ ಕಾರ್ಟಾಜ್ ಎಂಬ ಪರವಾನಗಿ ಚೀಟಿ ಕೊಂಡುಕೊಳ್ಳದ ಹಡಗನ್ನು ಹಿಡಿಯುತ್ತಿದ್ದರು, ಮಾಲು ಕಿತ್ತುಕೊಳ್ಳುತ್ತಿದ್ದರು. ನಮ್ಮ ಸಮುದ್ರದಲ್ಲಿ ನಾವು ಹೋಗಲು ಅವರ ಚೀಟಿ! 1542ರಲ್ಲಿ, ಈಕೆ ಪಟ್ಟಕ್ಕೆ ಬರುವ ಹತ್ತು ವರ್ಷ ಮೊದಲು, ಕಪ್ಪ ಬಾಕಿ ಎಂದು ಭಟ್ಕಳವನ್ನು ಸುಟ್ಟು ಲೂಟಿ ಮಾಡಿದ್ದರು. 1559ರಲ್ಲೂ 1570ರಲ್ಲೂ ಚೆನ್ನಭೈರಾದೇವಿ ಅವರ ಜೊತೆ ಯುದ್ಧ ಮಾಡಿದಳು. ನಡುವೆ 1565ರಲ್ಲಿ ವಿಜಯನಗರ ಬಿತ್ತು. ಬೆನ್ನ ಹಿಂದೆ ಇದ್ದ ದೊಡ್ಡ ಮರ ಉರುಳಿದ ಹಾಗೆ. ನಾಲ್ಕೇ ವರ್ಷದಲ್ಲಿ ಪೋರ್ಚುಗೀಸರು ಹೊನ್ನಾವರದಲ್ಲೂ ಬಸರೂರಿನಲ್ಲೂ ಕೋಟೆ ಮಾಡಿಕೊಂಡರು. ಇಷ್ಟಾದರೂ ವಿಜಯನಗರ ಬಿದ್ದ ಮೇಲೆ ಆಕೆ ಇನ್ನೂ 41 ವರ್ಷ ಉಳಿದಳು.

ಹೇಗೆ ಉಳಿದಳು? ನನಗೆ ಕಾಣುವ ಉತ್ತರ ಇದು. ಯುದ್ಧ ಮುಗಿದ ಮರುದಿನವೂ ಪೋರ್ಚುಗೀಸರಿಗೆ ಮೆಣಸು ಬೇಕಿತ್ತು. ಲಿಸ್ಬನ್ನಿಗೆ ಹೋಗುವ ಹಡಗು ಖಾಲಿ ಹೋಗುವ ಹಾಗಿರಲಿಲ್ಲ. ಬಂದರಿನಲ್ಲಿ ಫಿರಂಗಿ ಇಟ್ಟು ಕೂರಬಹುದು, ಘಟ್ಟದ ಮೇಲಿನ ಬಳ್ಳಿಯಿಂದ ಮೆಣಸು ಇಳಿಸಲು ಫಿರಂಗಿಗೆ ಆಗುವುದಿಲ್ಲ. ಅದಕ್ಕೆ ಊರಿನ ಗೌಡ, ಎತ್ತು ಹೊಡೆಯುವವ, ದೋಣಿಯವ, ಸೆಟ್ಟಿ, ಸುಂಕದವ ಎಲ್ಲರೂ ಬೇಕು. ಅವರೆಲ್ಲ ರಾಣಿಯ ಮಾತು ಕೇಳುವವರು. ಗೋವಾದಲ್ಲಿ ಪೋರ್ಚುಗೀಸರ ಮತದ ಕಿರುಕುಳ ತಾಳಲಾರದೆ ದಕ್ಷಿಣಕ್ಕೆ ಬಂದ ಸಾರಸ್ವತ ಕೊಂಕಣಿಗಳಿಗೆ ಆಕೆ ತನ್ನ ಸೀಮೆಯಲ್ಲಿ ನೆಲೆ ಕೊಟ್ಟಳು. ಬಂದವರಲ್ಲಿ ಬಹಳ ಜನ ವ್ಯಾಪಾರ ಬಲ್ಲವರು, ಲೆಕ್ಕ ಬರೆಯಬಲ್ಲವರು. ದಯೆಯೂ ಇರಬಹುದು, ಒಳ್ಳೆಯ ಲೆಕ್ಕಾಚಾರವೂ ಇರಬಹುದು. ಎರಡೂ ಒಂದೇ ಮನಸ್ಸಿನಲ್ಲಿ ಇರಬಾರದೆಂದೇನಿಲ್ಲ.

ಮಿರ್ಜಾನ್ ಕೋಟೆ ಕಟ್ಟಿಸಿದವಳು ಈಕೆ ಎಂದು ಹೇಳುತ್ತಾರೆ. ಕುಮಟಾದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮಳೆಗಾಲದಲ್ಲಿ ಹೋಗಿ ನೋಡಿ. ಚಿರೆಕಲ್ಲಿನ ಗೋಡೆಗಳ ಮೇಲೆಲ್ಲ ಹಸಿರು ಹಾವಸೆ, ಒಳಗೆ ದೊಡ್ಡ ಬಾವಿಗಳು. ಜನ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಸಂತೋಷ. ಆದರೆ ಅಲ್ಲಿ ನಿಂತಾಗ ಅಘನಾಶಿನಿ ಹೊಳೆ ಎಷ್ಟು ಹತ್ತಿರ ಅನ್ನುವುದನ್ನೂ ನೋಡಿ, ಆಗ ಆ ಕೋಟೆ ಅಲ್ಲಿ ಯಾಕಿದೆ ಅನ್ನುವುದು ತಾನಾಗಿ ತಿಳಿಯುತ್ತದೆ. ಗೇರುಸೊಪ್ಪೆಯ ಕಾಡಿನೊಳಗೆ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು. ನಾನು ಹೋದ ದಿನ ಅಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಒಂದು ಕಾಲದಲ್ಲಿ ಇಲ್ಲಿ ಪೇಟೆ ಇತ್ತು, ಖಂಡಿಗಟ್ಟಲೆ ಮೆಣಸು ತೂಗುತ್ತಿದ್ದರು ಅಂದರೆ ನಂಬುವುದು ಕಷ್ಟ. ಬಹಳ ಹೊತ್ತು ಸುಮ್ನೆ ಕೂತಿದ್ದೆ.

1606ರಲ್ಲಿ ಆಕೆಯ ರಾಜ್ಯ ಮುಗಿಯಿತು. ಪೋರ್ಚುಗೀಸರಿಂದಲ್ಲ. ಬಿಳಗಿಯ ಅರಸರ ಜೊತೆ ಸೇರಿ ಘಟ್ಟದ ಮೇಲಿಂದ ದಂಡು ಇಳಿಸಿದವನು ಕೆಳದಿಯ ವೆಂಕಟಪ್ಪ ನಾಯಕ. ಹೌದು, ಅವನೇ. ಉಳ್ಳಾಲದ ರಾಣಿಯ ಬೆನ್ನಿಗೆ ನಿಂತವನೇ ಗೇರುಸೊಪ್ಪೆಯ ರಾಣಿಯನ್ನು ಸೆರೆ ಹಿಡಿದ. ಮುದುಕಿಯಾಗಿದ್ದ ಚೆನ್ನಭೈರಾದೇವಿ ಅವನ ಸೆರೆಯಲ್ಲೇ ತೀರಿಕೊಂಡಳು. ಅವನಿಗೂ ಬೇಕಾಗಿದ್ದದ್ದು ಮೆಣಸಿನ ದಾರಿ. ಹೊರಗಿನವರೆಲ್ಲ ಶತ್ರುಗಳು, ಒಳಗಿನವರೆಲ್ಲ ಬಂಧುಗಳು ಎಂದು ನಾವು ಕಥೆ ಕಟ್ಟಿಕೊಳ್ಳುತ್ತೇವೆ, ಈ ರಾಣಿಯ ಬದುಕು ಆ ಕಥೆಗೆ ಹೊಂದುವುದಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಈಕೆಗೆ ಸಿಗಬೇಕಾದಷ್ಟು ಜಾಗ ಸಿಗದಿರಲು ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ನನಗೆ ಆ ನೋವು ಇದೆ.

ಅದೇ ಕೆಳದಿಯ ಮನೆತನಕ್ಕೆ ಮುಂದೆ ಒಬ್ಬ ರಾಣಿ ಬಂದಳು, ಕೆಳದಿ ಚೆನ್ನಮ್ಮಾಜಿ. ಈಕೆಯ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಬೇಗ ದಾಟುತ್ತೇನೆ. ಸೆಟ್ಟರ ಮನೆಯ ಮಗಳು. ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ ಸುಮಾರು 25 ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ತಮಿಳು ನಾಡಿನ ಜಿಂಜಿ ಕೋಟೆಗೆ ಹೋಗುವಾಗ ಆಶ್ರಯ ಕೊಟ್ಟು ದಾಟಿಸಿದಳು, ಔರಂಗಜೇಬನ ದಂಡು ಬಂದರೂ ಜಗ್ಗಲಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ನಾನು ಸೇರಿಸುವುದು ಒಂದೇ. 1678ರಲ್ಲಿ ಆಕೆ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡಳು. ಕರಾವಳಿಯಲ್ಲಿ ಅವರು ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇಟ್ಟುಕೊಳ್ಳಬಹುದು, ಇಗರ್ಜಿ ಕಟ್ಟಿಕೊಳ್ಳಬಹುದು ಎಂಬುದೆಲ್ಲ ಅದರಲ್ಲಿತ್ತು. ಅಬ್ಬಕ್ಕನ ಕಾಲದ ಶತ್ರುವಿನ ಜೊತೆ ಕೂತು, ಅಕ್ಕಿ ಮೆಣಸಿನ ವ್ಯಾಪಾರ ಮಾತಾಡಿ, ಕಾಗದದ ಮೇಲೆ ಬರೆಸಿಕೊಂಡಳು. ಮೊಗಲರ ಎದುರು ನಿಲ್ಲಲು ಬೇಕಾದ ಹಣ ಎಲ್ಲಿಂದ ಬರುತ್ತದೆ ಎಂಬುದು ಸೆಟ್ಟರ ಮಗಳಿಗೆ ಗೊತ್ತಿತ್ತು.

ಇನ್ನು ಕಿತ್ತೂರು. ಸಭೆಯಲ್ಲಿ ಬೆಳಗಾವಿ ಕಡೆಯವರು ನಾಲ್ಕೈದು ಜನ ಇದ್ದರು, ಚೆನ್ನಮ್ಮನ ಹೆಸರು ಬಂದ ಕೂಡಲೇ ನೇರವಾಗಿ ಕೂತರು.

ಕಿತ್ತೂರಿನ ಜಗಳ ಶುರುವಾದದ್ದು ಒಂದು ಪತ್ರದಿಂದ, ಒಂದು ಬೀಗದಿಂದ. ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ 1816ರಲ್ಲೇ ತೀರಿಕೊಂಡಿದ್ದ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ದೇಸಾಯಿಯಾಗಿದ್ದ. ಅವನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತ. ಸಾಯುವ ಮೊದಲು ದತ್ತಕ ಆಗಿದೆ ಎಂದು ಕಿತ್ತೂರಿನಿಂದ ಪತ್ರ ಹೋಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಪತ್ರದ ಸಹಿಯೇ ಖೋಟಾ ಎಂದು ಅನುಮಾನಪಟ್ಟ. ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿಸಿದ, ತನ್ನ ಕಾವಲು ನಿಲ್ಲಿಸಿದ.

ಈ ಮೊಹರು ಎಂಬ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಮನೆಗಳಲ್ಲಿ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಮನೆ ಯಾರದೆಂದು ಗೊತ್ತಾಗುತ್ತದೆ. ಗಂಡ ಹೋದ, ಮಗ ಹೋದ, ಮನೆಯಲ್ಲಿ ಸೂತಕ ಕಳೆದು ಹೆಚ್ಚು ದಿನವಾಗಿಲ್ಲ, ಅಷ್ಟರಲ್ಲಿ ಪರದೇಶದ ಅಧಿಕಾರಿಯೊಬ್ಬ ಬಂದು ನಿನ್ನ ಮನೆಯ ತಿಜೋರಿ ನೀನು ಮುಟ್ಟಬೇಡ ಅನ್ನುತ್ತಾನೆ. ಚೆನ್ನಮ್ಮ ಆಗಲೂ ಕತ್ತಿ ಹಿಡಿಯಲಿಲ್ಲ. ಥ್ಯಾಕರೆಯ ಮೇಲಿನವರಿಗೆ ಬರೆದಳು. ದಖ್ಖನ್ನಿನ ಕಮಿಷನರ್ ಚಾಪ್ಲಿನ್‌ಗೆ, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ. ದತ್ತು ತೆಗೆದುಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು, ಅದನ್ನು ನಿಲ್ಲಿಸಲು ನೀವು ಯಾರು ಎಂಬುದೇ ಪ್ರಶ್ನೆ. ಡಾಲ್‌ಹೌಸಿ ದತ್ತು ಮಕ್ಕಳ ಹಕ್ಕು ತಳ್ಳಿಹಾಕಿ ರಾಜ್ಯ ನುಂಗುವ ನೀತಿಯಿಂದ ಹೆಸರು ಮಾಡಿದ್ದು 1848ರ ನಂತರ. ಝಾನ್ಸಿಯ ಗಲಾಟೆ ಆಮೇಲಿನದು. ಅದೇ ಪ್ರಶ್ನೆಯನ್ನು 24 ವರ್ಷ ಮೊದಲೇ ಕಿತ್ತೂರಿನ ರಾಣಿ ಕಾಗದದಲ್ಲಿ ಬರೆದು ಕೇಳಿದ್ದಳು.

ಉತ್ತರವಾಗಿ ಬಂದದ್ದು ತೋಪು. 1824ರ ಅಕ್ಟೋಬರ್ 23ರ ಬೆಳಗ್ಗೆ ಕೋಟೆ ಬಾಗಿಲು ಮುಚ್ಚಿತ್ತು. ತೆಗೆಯದಿದ್ದರೆ ಒಡೆಯುತ್ತೇನೆಂದು ಥ್ಯಾಕರೆ ಗಡುವು ಕೊಟ್ಟ. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತೆರೆಯಿತು, ಒಳಗಿಂದ ಕಿತ್ತೂರಿನ ದಂಡು ನುಗ್ಗಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಸತ್ತ. ಮುಂದಿನದು ನಿಮಗೆ ಗೊತ್ತು. ಡಿಸೆಂಬರಿನಲ್ಲಿ ಕಂಪನಿಯವರು ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದರು, ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡಳು, ಸಮಾಧಿಯೂ ಅಲ್ಲೇ ಇದೆ.

ಆ ಅಕ್ಟೋಬರಿನ ದಿನ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೆರೆ ಸಿಕ್ಕಿದ್ದರು. ಸ್ಟೀವನ್‌ಸನ್ ಒಬ್ಬ, ವಾಲ್ಟರ್ ಎಲಿಯಟ್ ಇನ್ನೊಬ್ಬ. ಎಲಿಯಟ್‌ಗೆ ಆಗಿನ್ನೂ 21 ವರ್ಷ, ಥ್ಯಾಕರೆಯ ಕೈಕೆಳಗಿನ ಹುಡುಗ. ತಮ್ಮ ಮೇಲೆ ತೋಪು ತಂದವರ ಜೊತೆಯವನು. ಆರು ವಾರ ಕಿತ್ತೂರಿನ ಸೆರೆಯಲ್ಲಿದ್ದ. ಅವರನ್ನು ಚೆನ್ನಾಗಿಯೇ ನೋಡಿಕೊಂಡರು, ಡಿಸೆಂಬರಿನ ಮೊದಲ ದಿನಗಳಲ್ಲಿ ಜೀವಂತ ಬಿಟ್ಟರು. ಬಿಡುವಾಗ ಕಿತ್ತೂರಿನವರಿಗೆ ಇನ್ನೂ ಸಂಧಾನದ ಆಸೆ ಇತ್ತು. ಕೋಟೆ ಬಿದ್ದದ್ದು ಅದಾಗಿ ಕೆಲವೇ ದಿನಗಳಲ್ಲಿ.

ಹಾಗೆ ಉಳಿದ ಎಲಿಯಟ್ ಏನಾದ ಗೊತ್ತಾ? ಕನ್ನಡ ನಾಡಿನ ಊರೂರು ತಿರುಗಿಸಿ ಕಲ್ಲಿನ ಶಾಸನಗಳನ್ನು ನಕಲು ಮಾಡಿಸಿದ. ಗುಡಿಯ ಗೋಡೆ, ಕೆರೆ ಏರಿ, ಹೊಲದ ಅಂಚು ಎಲ್ಲೆಲ್ಲೂ ಬಿದ್ದಿದ್ದ ಕಲ್ಲುಗಳು. ಐನೂರಕ್ಕೂ ಹೆಚ್ಚು ಶಾಸನಗಳನ್ನು ಹೀಗೆ ಸೇರಿಸಿದ. ಚಾಲುಕ್ಯರು ಯಾರ ನಂತರ ಯಾರು ಎಂಬುದನ್ನು ಜೋಡಿಸಿ ಹೇಳಿದವರಲ್ಲಿ ಇವನು ಮೊದಲಿಗ. ನಮ್ಮ ಇತಿಹಾಸ ಓದುವವರೆಲ್ಲ ಇವತ್ತಿಗೂ ಅವನಿಗೆ ಋಣಿಗಳು. ಚೆನ್ನಮ್ಮ ಆ ಹುಡುಗನನ್ನು ಉಳಿಸಿದ್ದಳು.

ಮಾತು ಮುಗಿಸಿ ಇಳಿಯಬೇಕು ಅನ್ನುವಾಗ ಮೊದಲ ಸಾಲಿನ ಹುಡುಗಿ, ಕುದುರೆ ಅಂದಿದ್ದವಳು, ಕೈ ಎತ್ತಿದಳು. ಇವರಿಗಿಂತ ಮೊದಲು ನಮ್ಮಲ್ಲಿ ಯುದ್ಧ ಮಾಡಿದ ರಾಣಿಯರು ಇರಲಿಲ್ವಾ ಅಂದಳು. ಇದ್ದಳು ಪುಟ್ಟಾ, ಅಂದೆ. ಅಕ್ಕಾದೇವಿ. ಕಲ್ಯಾಣದ ಚಾಲುಕ್ಯರ ರಾಜಕುಮಾರಿ, ಜಯಸಿಂಹ ದೊರೆಯ ಅಕ್ಕ. ಕಿಸುಕಾಡು ಎಪ್ಪತ್ತು ಎಂಬ ಸೀಮೆ ಆಕೆಯ ಆಡಳಿತದಲ್ಲಿತ್ತು, ಪಟ್ಟದಕಲ್ಲಿನ ಸುತ್ತಮುತ್ತ. ರಣದಲ್ಲಿ ಭೈರವಿ ಎಂದು ಶಾಸನಗಳು ಹೊಗಳುತ್ತವೆ. 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಳು. ಗೋಕಾಗೆ ಅಂದರೆ ನಮ್ಮ ಗೋಕಾಕ, ಕಿತ್ತೂರು ಇರುವ ಬೆಳಗಾವಿ ಜಿಲ್ಲೆಯದೇ.

ಆ ಮುತ್ತಿಗೆ ನಮಗೆ ತಿಳಿದದ್ದು ಒಂದು ದಾನಶಾಸನದಿಂದ. ಗೋಕಾಗೆಯ ಕೋಟೆಯನ್ನು ಮುತ್ತಿ ಬೀಡು ಬಿಟ್ಟಿದ್ದಾಗ, ಅಲ್ಲಿಂದಲೇ, ವಿಕ್ರಮಪುರದ ಬಸದಿಗೆ ಅಕ್ಕಾದೇವಿ ಭೂಮಿ ಬಿಟ್ಟಳು. ಹೊರಗೆ ದಂಡು, ಎದುರಿಗೆ ಕೋಟೆ. ಡೇರೆಯೊಳಗೆ ಕೂತು ದೂರದ ಒಂದು ಬಸದಿ ನಡೆಯುವುದಕ್ಕೆ ಏನು ಬೇಕೆಂದು ಬರೆಸುತ್ತಿದ್ದಾಳೆ. ಆ ವಿಕ್ರಮಪುರ ಇವತ್ತು ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆಯ ಒಂದು ಸಣ್ಣ ಹಳ್ಳಿ. ಹಳೆಯ ಹೆಸರು ಹೋಗಿದೆ. ಈಗ ಜನ ಅದನ್ನು ಕರೆಯುವುದು ಅರಸೀಬೀದಿ ಅಂತ.